ಕಾಯಿಲೆಯಿಲ್ಲದ ಕೂಸಿಗೊಂದು ದವಾಖಾನೆ: ಬ್ರಿಟನ್ನಿನ ತಾಯಿ-ಮಗು ಕಲ್ಯಾಣ ಕೇಂದ್ರಗಳು ಮತ್ತು ಅವುಗಳ ಸ್ವಯಂಸೇವಕಿಯರು

ದವಾಖಾನೆ ಎಂದರೆ ಕಾಯಿಲೆ ಬಿದ್ದವರು ಹೋಗುವ ಜಾಗ ಎಂಬುದು ರೂಢಿಯ ತಿಳಿವಳಿಕೆ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಬ್ರಿಟನ್ನಿನ ಊರೂರುಗಳಲ್ಲಿ ಹುಟ್ಟಿಕೊಂಡ ತಾಯಿ-ಮಗು ಕಲ್ಯಾಣ ಕೇಂದ್ರಗಳು ಇದಕ್ಕೆ ತಲೆಕೆಳಗಾಗಿ ನಡೆದವು. ಅಲ್ಲಿಗೆ ವಾರವಾರವೂ ಬರಬೇಕಾಗಿದ್ದುದು ಚೆನ್ನಾಗಿರುವ ಕೂಸು. ಜ್ವರವೋ ಕೆಮ್ಮೋ ಬಂದ ಕೂಸನ್ನು ಎತ್ತಿಕೊಂಡು ಬಂದರೆ, ಅಲ್ಲಿನ ವೈದ್ಯರು ಪರೀಕ್ಷಿಸಿ, ಇದನ್ನು ಬೇರೆ ವೈದ್ಯರಿಗೆ ತೋರಿಸಿ ಎಂದು ಹೇಳಿ ಕಳಿಸುತ್ತಿದ್ದರು. ಇನ್ನೂ ವಿಚಿತ್ರವೆಂದರೆ ಬಹುಪಾಲು ಕೇಂದ್ರಗಳಿಗೆ ಸ್ವಂತ ಕಟ್ಟಡವೇ ಇರಲಿಲ್ಲ. ಚರ್ಚಿನ ಸಭಾಂಗಣದಲ್ಲೋ ಭಾನುವಾರದ ಮಕ್ಕಳ ಪಾಠಶಾಲೆಯ ಕೋಣೆಯಲ್ಲೋ ವಾರಕ್ಕೊಂದು ಮಧ್ಯಾಹ್ನ ಬೆಂಚು ಜೋಡಿಸಿ, ತಕ್ಕಡಿ ಇಟ್ಟು, ಸಂಜೆಗೆ ಎಲ್ಲವನ್ನೂ ಎತ್ತಿಡುತ್ತಿದ್ದರು. ಹಾಗೆ ಜೋಡಿಸಿ ಎತ್ತಿಡುತ್ತಿದ್ದವರಲ್ಲಿ ಹೆಚ್ಚಿನವರಿಗೆ ಸಂಬಳವಿರಲಿಲ್ಲ. ಸರ್ಕಾರದ ಹಣ, ನಗರಸಭೆಯ ಅಧಿಕಾರ, ಸಂಬಳದ ದಾದಿ, ಸಂಬಳವಿಲ್ಲದ ನೆರೆಹೊರೆಯ ಹೆಂಗಸರು, ಈ ನಾಲ್ಕೂ ಒಂದೇ ಕೋಣೆಯಲ್ಲಿ ಸೇರಿದ್ದು ಹೇಗೆ, ಅವುಗಳ ನಡುವೆ ಕೆಲಸ ಹಂಚಿಕೆಯಾದದ್ದು ಹೇಗೆ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

1899ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ ಸುಮಾರು 163 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡವು. ಆರರಲ್ಲಿ ಒಂದು ಕೂಸು ಎಂದರೆ ಲೆಕ್ಕ ಮನಸ್ಸಿಗೆ ಬೇಗ ಹತ್ತುತ್ತದೆ. ಅಧಿಕಾರಿಗಳನ್ನು ಕಾಡಿದ್ದು ಈ ಅಂಕಿಯೊಂದೇ ಅಲ್ಲ. ಒಳಚರಂಡಿ, ನಲ್ಲಿ ನೀರು, ಸಿಡುಬಿನ ಲಸಿಕೆಗಳಿಂದಾಗಿ ದೊಡ್ಡವರ ಸಾವು ಹಲವು ದಶಕಗಳಿಂದ ಇಳಿಯುತ್ತಾ ಬಂದಿದ್ದರೂ ಹಸುಗೂಸುಗಳ ಸಾವು ಮಾತ್ರ ಇಳಿಯದೆ ನಿಂತಿತ್ತು. ಬೇಸಿಗೆ ಬಿಸಿಯೇರಿದ ವರ್ಷಗಳಲ್ಲಂತೂ ಅದು ಜಿಗಿಯುತ್ತಿತ್ತು. ಕುದುರೆ ಲದ್ದಿ ತುಂಬಿದ ಬೀದಿ, ಅದರ ಮೇಲಿನ ನೊಣ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಮನೆಯೊಳಗೆ ನಿಂತ ಹಾಲು, ತೊಳೆಯಲು ಸಾಧ್ಯವೇ ಇಲ್ಲದ ಉದ್ದನೆಯ ರಬ್ಬರ್ ನಳಿಗೆಯ ಹಾಲಿನ ಸೀಸೆ, ಇವೆಲ್ಲ ಸೇರಿ ತರುತ್ತಿದ್ದ ವಾಂತಿಭೇದಿಗೆ ‘ಬೇಸಿಗೆ ಭೇದಿ’ ಎಂದೇ ಹೆಸರಾಗಿತ್ತು. ಇದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರಲ್ಲಿ ಅನೇಕರು ದೇಹದಾರ್ಢ್ಯದ ಪರೀಕ್ಷೆಯಲ್ಲಿ ಸೋತದ್ದು ಸರ್ಕಾರವನ್ನು ಬೆಚ್ಚಿಬೀಳಿಸಿತು. ಜನರ ದೈಹಿಕ ಅವನತಿಯ ಕುರಿತು ವಿಚಾರಿಸಲು ನೇಮಿಸಿದ ಸಮಿತಿ 1904ರಲ್ಲಿ ವರದಿ ಕೊಟ್ಟಿತು. ಕೂಸಿನ ಮೇಲಿನ ಕರುಣೆಯಷ್ಟೇ ಸೈನಿಕರ ಕೊರತೆಯ ಭಯವೂ ಈ ಕೇಂದ್ರಗಳ ತಳಪಾಯದಲ್ಲಿದೆ ಎಂಬುದನ್ನು ಮರೆತರೆ ಮುಂದಿನ ಕಥೆ ಅರ್ಧ ಮಾತ್ರ ಅರ್ಥವಾಗುತ್ತದೆ.

ಮೊದಲ ಪ್ರಯತ್ನ ಹಾಲಿನದು. ಫ್ರಾನ್ಸ್‌ನಲ್ಲಿ ಪಿಯರ್ ಬುಡ್ಯಾಂ 1892ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ, ಹೆರಿಗೆಯಾಗಿ ಮನೆಗೆ ಹೋದ ತಾಯಂದಿರು ಕೂಸುಗಳನ್ನು ಮತ್ತೆ ಮತ್ತೆ ತಂದು ತೂಗಿಸುವ ಪದ್ಧತಿ ಆರಂಭಿಸಿದ್ದರು. ಎರಡು ವರ್ಷಗಳ ನಂತರ ಫೆಕಾಂ ಪಟ್ಟಣದಲ್ಲಿ ಲಿಯೋಂ ದ್ಯುಫೂರ್ ಶುದ್ಧೀಕರಿಸಿದ ಹಾಲನ್ನು ಸೀಸೆಗಳಲ್ಲಿ ಹಂಚತೊಡಗಿದರು. ಇದನ್ನು ನೋಡಿಯೇ 1899ರಲ್ಲಿ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್‌ನಲ್ಲಿ ನಗರಸಭೆಯ ಹಾಲಿನ ಮಳಿಗೆ ತೆರೆಯಿತು. 1901ರಲ್ಲಿ ಲಿವರ್‌ಪೂಲ್, 1902ರಲ್ಲಿ ಲಂಡನ್ನಿನ ಬ್ಯಾಟರ್ಸಿ ಅದೇ ದಾರಿ ಹಿಡಿದವು. ಮಳಿಗೆಗಳು ಹೆಚ್ಚು ಕಾಲ ಬಾಳಲಿಲ್ಲ. ಹಾಲು ಶುದ್ಧೀಕರಿಸಿ ಸೀಸೆಗೆ ತುಂಬುವ ಖರ್ಚು ದೊಡ್ಡದಾಗಿತ್ತು, ಸೀಸೆ ಹಾಲು ಕೊಡುತ್ತಾ ಹೋದರೆ ಎದೆಹಾಲು ಬಿಡಿಸಿದಂತಾಗುತ್ತದೆ ಎಂಬ ಟೀಕೆಯೂ ನ್ಯಾಯವಾಗಿತ್ತು. ಆದರೆ ಹಾಲು ಒಯ್ಯಲು ಬಂದ ತಾಯಿ ಕೂಸನ್ನು ತೂಗಿಸಿಕೊಂಡು ಹೋಗುವ ರೂಢಿಯೊಂದು ಬೆಳೆದಿತ್ತಲ್ಲ, ಮಳಿಗೆ ಮುಚ್ಚಿದ ಮೇಲೂ ಅದು ಉಳಿಯಿತು. ತಕ್ಕಡಿ ಕೇಂದ್ರದ ನಡುಮನೆಗೆ ಬಂದದ್ದು ಹೀಗೆ.

ಇದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು: ಕೂಸು ಹುಟ್ಟಿದ ಸುದ್ದಿ ಆರೋಗ್ಯಾಧಿಕಾರಿಗೆ ತಿಳಿಯುತ್ತಲೇ ಇರಲಿಲ್ಲ. ಜನನ ನೋಂದಣಿಗೆ ಕಾನೂನು 42 ದಿನಗಳ ಅವಕಾಶ ಕೊಟ್ಟಿತ್ತು. ಹುಟ್ಟಿದ ಮೊದಲ ಕೆಲವು ವಾರಗಳೇ ಕೂಸಿಗೆ ಹೆಚ್ಚು ಅಪಾಯದವು. ನೋಂದಣಿಯ ಪುಸ್ತಕದಲ್ಲಿ ಹೆಸರು ಸಿಗುವಷ್ಟರಲ್ಲಿ ಎಷ್ಟೋ ಕೂಸುಗಳು ಸತ್ತು ಹೋಗಿರುತ್ತಿದ್ದವು. ಯಾರ್ಕ್‌ಷೈರಿನ ಗಿರಣಿ ಪಟ್ಟಣ ಹಡರ್ಸ್‌ಫೀಲ್ಡ್‌ನಲ್ಲಿ 1904ರಲ್ಲಿ ಮೇಯರ್ ಆದ ಬೆಂಜಮಿನ್ ಬ್ರಾಡ್‌ಬೆಂಟ್ ಈ ಗಂಟನ್ನು ಎರಡು ಕಡೆಯಿಂದ ಬಿಚ್ಚಲು ನೋಡಿದರು. ತಮ್ಮ ಬಡಾವಣೆ ಲಾಂಗ್‌ವುಡ್‌ನಲ್ಲಿ ತಮ್ಮ ಅಧಿಕಾರಾವಧಿಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ವರ್ಷ ತುಂಬಿದ ದಿನ ಒಂದು ಪೌಂಡ್ ಕೊಡುವುದಾಗಿ ಮಾತು ಕೊಟ್ಟರು. ಅಲ್ಲಿನ ಆರೋಗ್ಯಾಧಿಕಾರಿ ಸ್ಯಾಂಸನ್ ಮೂರ್ ಅವರೊಡನೆ ಸೇರಿ, ಹೆರಿಗೆಯ ಸುದ್ದಿಯನ್ನು ಬೇಗ ಮುಟ್ಟಿಸಿದವರಿಗೆ ಒಂದು ಷಿಲಿಂಗ್ (ಪೌಂಡಿನ ಇಪ್ಪತ್ತನೆಯ ಒಂದು ಪಾಲು) ಕೊಡುವ ಏರ್ಪಾಡೂ ಮಾಡಿಸಿದರು. ಸುದ್ದಿ ಸಿಕ್ಕ ಮನೆಗೆ ಮೊದಲು ಮಹಿಳಾ ವೈದ್ಯರು, ಆಮೇಲೆ ಬೀದಿಬೀದಿ ಹಂಚಿಕೊಂಡ ಸ್ವಯಂಸೇವಕಿಯರು ಹೋಗುತ್ತಿದ್ದರು. ಪೌಂಡಿನ ಆಸೆ ಪತ್ರಿಕೆಗಳಿಗೆ ಸುದ್ದಿಯಾಯಿತು. ನಿಜವಾಗಿ ಕೆಲಸ ಮಾಡಿದ್ದು ಷಿಲಿಂಗು ಎಂದು ನನ್ನ ಅನಿಸಿಕೆ. 1907ರ ಜನನ ಸೂಚನಾ ಕಾಯ್ದೆ ಇದೇ ತತ್ತ್ವವನ್ನು ದೇಶಕ್ಕೆ ಹರಡಿತು: ಹುಟ್ಟಿದ 36 ಗಂಟೆಗಳೊಳಗೆ ಆರೋಗ್ಯಾಧಿಕಾರಿಗೆ ತಿಳಿಸಬೇಕು. ಮೊದಲು ಇದನ್ನು ಒಪ್ಪಿಕೊಳ್ಳುವುದು ಬಿಡುವುದು ಆಯಾ ಊರಿನ ಇಷ್ಟವಾಗಿತ್ತು, 1915ರಲ್ಲಿ ಎಲ್ಲ ಕಡೆಗೂ ಕಡ್ಡಾಯವಾಯಿತು. ಕೇಂದ್ರದ ಬಾಗಿಲಿಗೆ ತಾಯಂದಿರು ತಾವಾಗಿ ಬರುವುದನ್ನು ಕಾಯದೆ, ಕೇಂದ್ರವೇ ಅವರ ಬಾಗಿಲಿಗೆ ಹೋಗಿ ಕರೆಯಲು ಸಾಧ್ಯವಾದದ್ದು ಈ ಒಂದು ಸೂಚನಾ ಚೀಟಿಯಿಂದ.

ಹಾಗೆ ಹೋಗಿ ಕರೆಯುತ್ತಿದ್ದವಳು ಆರೋಗ್ಯ ಸಂದರ್ಶಕಿ. ಈ ಹುದ್ದೆಯ ಬೇರೂ ಸ್ವಯಂಸೇವೆಯಲ್ಲೇ ಇದೆ. 1862ರಲ್ಲಿ ಮ್ಯಾಂಚೆಸ್ಟರ್ ಮತ್ತು ಸಾಲ್‌ಫರ್ಡ್‌ನ ಮಹಿಳೆಯರು ನೈರ್ಮಲ್ಯ ಸುಧಾರಣೆಗಾಗಿ ಕಟ್ಟಿದ ಸಂಘ, ಬಡವರ ಕೇರಿಗಳಿಗೆ ಮನೆಮನೆ ಭೇಟಿಗೆಂದು ಕೂಲಿಕಾರ ವರ್ಗದ ಹೆಂಗಸರನ್ನೇ ಸಂಬಳ ಕೊಟ್ಟು ನೇಮಿಸಿತು. ದಾನಿಗಳ ಹಣದಲ್ಲಿ ಹುಟ್ಟಿದ ಕೆಲಸವನ್ನು ಮುಂದೆ ನಗರಸಭೆಗಳು ತಮ್ಮ ಸಂಬಳದ ಪಟ್ಟಿಗೆ ಸೇರಿಸಿಕೊಂಡವು. ಸೂಲಗಿತ್ತಿ ಮೊದಲ ಹತ್ತು ದಿನ ಬಾಣಂತಿಯನ್ನು ನೋಡಿಕೊಂಡು ಹೊರಟ ಮೇಲೆ ಈಕೆಯ ಪಾಳಿ. ಮನೆಯಲ್ಲಿ ಕೂಸನ್ನು ನೋಡಿ, ಎದೆಹಾಲು ಹೇಗೆ ನಡೆದಿದೆ ಎಂದು ವಿಚಾರಿಸಿ, ಬರುವ ಬುಧವಾರವೋ ಗುರುವಾರವೋ ಇಂಥ ಸಭಾಂಗಣಕ್ಕೆ ಬನ್ನಿ ಎಂದು ಹೇಳಿ ಬರುವುದು ಅವಳ ಕೆಲಸ. ಅಲ್ಲಿ ತಾಯಿಯನ್ನು ಎದುರುಗೊಳ್ಳುತ್ತಿದ್ದವರು ಮಾತ್ರ ಸಂಬಳವಿಲ್ಲದ ಸ್ವಯಂಸೇವಕಿಯರು.

ಇಂಥ ಮಧ್ಯಾಹ್ನವೊಂದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸಭಾಂಗಣದ ಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ಅಕ್ಷರಾನುಕ್ರಮದಲ್ಲಿ ಚೀಟಿ ಜೋಡಿಸಿದ ಮರದ ಪೆಟ್ಟಿಗೆ. ಮೇಜಿನ ಹಿಂದೆ ಕುಳಿತ ಸ್ವಯಂಸೇವಕಿ ತಾಯಿಯ ಹೆಸರು ಕೇಳಿ ಚೀಟಿ ಹುಡುಕಿ ಕೊಡುತ್ತಾಳೆ. ಹೊರಗೆ ಸಾಲಾಗಿ ನಿಂತ ತಳ್ಳುಗಾಡಿಗಳ ಮೇಲೂ ಅವಳಿಗೆ ಒಂದು ಕಣ್ಣು. ಒಳಗೆ ಬೆಂಚಿನ ಮೇಲೆ ಕೂತ ತಾಯಿ ಕೂಸಿನ ಬಟ್ಟೆ ಒಂದೊಂದಾಗಿ ಬಿಚ್ಚಿ, ಚಳಿಯಾಗದಂತೆ ಟವೆಲ್ಲಿನಲ್ಲಿ ಸುತ್ತಿ ಸರದಿ ಕಾಯುತ್ತಾಳೆ. ತಕ್ಕಡಿಯ ಬಳಿ ಎರಡನೆಯ ಸ್ವಯಂಸೇವಕಿ: ಬೆತ್ತದ ಬುಟ್ಟಿಯೊಳಗೆ ಬಟ್ಟೆ ಹಾಸಿ, ಕೂಸನ್ನು ಮಲಗಿಸಿ, ಕೈ ಬುಟ್ಟಿಗೆ ತಗುಲದ ಹಾಗೆ ಆದರೆ ಕೂಸು ಹೊರಳಿದರೆ ಹಿಡಿಯುವ ಹಾಗೆ ಮೇಲೆ ಹಿಡಿದುಕೊಂಡು, ಮುಳ್ಳು ನಿಲ್ಲುವುದನ್ನು ಕಾಯುತ್ತಾಳೆ. ತೂಕ ಪೌಂಡು ಮತ್ತು ಔನ್ಸುಗಳಲ್ಲಿ; 16 ಔನ್ಸಿಗೆ ಒಂದು ಪೌಂಡು. ಕಳೆದ ವಾರಕ್ಕಿಂತ ಆರು ಔನ್ಸು ಹೆಚ್ಚಿದ್ದರೆ ತಾಯಿಯ ಮುಖ ಅರಳುತ್ತದೆ, ಇದ್ದಲ್ಲೇ ಇದ್ದರೆ ಯಾರೂ ಕೇಳದಿದ್ದರೂ ಹಲ್ಲು ಬರುತ್ತಿದೆ ಎಂಬ ವಿವರಣೆ ಹೊರಡುತ್ತದೆ. ಸ್ವಯಂಸೇವಕಿ ಅಂಕಿಯನ್ನು ಚೀಟಿಯಲ್ಲಿ ಬರೆಯಬೇಕು. ಅದರ ಬಗ್ಗೆ ಏನೂ ಹೇಳಬಾರದು. ಹೇಳುವುದು ಪಕ್ಕದ ಮೇಜಿನ ಆರೋಗ್ಯ ಸಂದರ್ಶಕಿಯ ಕೆಲಸ. ಅವಳಿಗೂ ಅನುಮಾನ ಬಂದರೆ, ಇಲ್ಲವೇ ಕೂಸು ಮೊದಲ ಸಲ ಬಂದಿದ್ದರೆ, ಪರದೆಯ ಆಚೆಗಿನ ವೈದ್ಯರ ಬಳಿಗೆ. ಅಷ್ಟು ಮುಗಿಸಿ ಬಂದ ತಾಯಿಗೆ ಮೂರನೆಯ ಸ್ವಯಂಸೇವಕಿ ಪುಡಿಗಾಸಿಗೆ ಚಹಾ ಕೊಡುತ್ತಾಳೆ. ನಾಲ್ಕನೆಯವಳು ಹಾಲಿನ ಪುಡಿಯ ಡಬ್ಬಿ, ಕಾಡ್ ಮೀನಿನ ಎಣ್ಣೆ, ಹೊಲಿಗೆಗೆ ಬೇಕಾದ ಬಟ್ಟೆ ಮತ್ತು ನಮೂನೆಗಳನ್ನು ಕೊಂಡ ಬೆಲೆಗೇ ಮಾರುತ್ತಾಳೆ.

ತೂಗುವವಳು ತೀರ್ಪು ಕೊಡಬಾರದು ಎಂಬ ಈ ನಿಯಮ ಸಣ್ಣದಾಗಿ ಕಂಡರೂ ಇಡೀ ವ್ಯವಸ್ಥೆ ನಿಂತದ್ದು ಅದರ ಮೇಲೆ. ಪ್ರತಿ ಕೂಸಿಗೂ ಅಜ್ಜಿ, ಅತ್ತೆ, ಪಕ್ಕದ ಮನೆಯಾಕೆ ಹೀಗೆ ಹತ್ತು ಜನ ಸಲಹೆಗಾರರು ಮೊದಲೇ ಇದ್ದರು. ಹನ್ನೊಂದನೆಯವಳಾಗಿ ಸ್ವಯಂಸೇವಕಿಯೂ ಬಾಯಿ ಹಾಕಿದರೆ ಆರೋಗ್ಯ ಸಂದರ್ಶಕಿಯ ಮಾತಿಗೆ ಬೆಲೆ ಉಳಿಯುತ್ತಿರಲಿಲ್ಲ. ನಿಯಮ ಎಲ್ಲ ಕಡೆಯೂ ಪಾಲನೆಯಾಗುತ್ತಿತ್ತು ಎಂದು ನಂಬುವುದು ಕಷ್ಟ. ಚಹಾ ಕೊಡುತ್ತಾ ಕೊಡುತ್ತಾ ಸುಮ್ಮನಿರುವುದು ಮನುಷ್ಯರಿಗೆ ಸುಲಭದ ಕೆಲಸವಲ್ಲ.

ಈ ಸಭಾಂಗಣಗಳಲ್ಲಿ ನೆನಪಿನಲ್ಲಿ ಉಳಿದದ್ದು ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನದು. ಅಲ್ಲಿನ ಆರೋಗ್ಯಾಧಿಕಾರಿ ಜಾನ್ ಸೈಕ್ಸ್ ಅವರ ಮುತುವರ್ಜಿಯಿಂದ 1907ರಲ್ಲಿ ‘ತಾಯಂದಿರ ಶಾಲೆ’ ಆರಂಭವಾಯಿತು. ತೂಕ ಮತ್ತು ಸಲಹೆಯ ಜೊತೆಗೆ ಅಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು: ಬಸುರಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ ಕೆಲವು ಪೆನ್ನಿಗಳಿಗೆ, ಕೊಡಲಾಗದವರಿಗೆ ಬಿಟ್ಟಿಯಾಗಿ, ಮಧ್ಯಾಹ್ನದ ಊಟ. ತಾಯಿ ಉಂಡರೆ ತಾನೇ ಕೂಸಿಗೆ ಹಾಲು ಎಂಬುದು ಅದರ ಸರಳ ತರ್ಕ. ತಂದೆಯರಿಗೂ ಸಂಜೆಯ ಸಭೆಗಳನ್ನು ಏರ್ಪಡಿಸುತ್ತಿದ್ದರು. ನನ್ನ ದೃಷ್ಟಿಯಲ್ಲಿ ಇಡೀ ಚಳವಳಿಯ ಅತ್ಯಂತ ಬುದ್ಧಿವಂತ ಭಾಗ ಈ ಊಟದ ಮೇಜು. ಅದೇ ಮುಂದಿನ ವರ್ಷಗಳಲ್ಲಿ ಎಲ್ಲೆಡೆ ಹರಡದೆ ಹಿಂದೆ ಬಿದ್ದದ್ದು ಬೇಸರದ ಸಂಗತಿ. ಉಪನ್ಯಾಸಕ್ಕೆ ಖರ್ಚು ಕಡಿಮೆ, ಊಟಕ್ಕೆ ಹೆಚ್ಚು.

ಉಪನ್ಯಾಸಕ್ಕೆ ಒಲವು ಬರಲು ಇನ್ನೊಂದು ಕಾರಣ ಸರ್ಕಾರದ ಹಣ ಬರುತ್ತಿದ್ದ ದಾರಿ. ಮೊದಲು ಅನುದಾನ ಕೊಟ್ಟದ್ದು ಶಿಕ್ಷಣ ಮಂಡಳಿ. ಅದರ ಲೆಕ್ಕಪುಸ್ತಕದಲ್ಲಿ ‘ತರಗತಿ’ಗೆ ಜಾಗವಿತ್ತು, ತೂಕಕ್ಕೆ ಇರಲಿಲ್ಲ. ಆದ್ದರಿಂದ ಹಣ ಬೇಕೆಂದ ಸ್ವಯಂಸೇವಾ ಸಂಘಗಳು ಹೊಲಿಗೆ, ಅಡುಗೆ, ಶಿಶುಪಾಲನೆಗಳ ಪಾಠಗಳನ್ನು ಮುಂದೆ ಮಾಡಿ ತೋರಿಸಬೇಕಾಯಿತು. 1914ರ ಜುಲೈ ಕೊನೆಯಲ್ಲಿ, ಮಹಾಯುದ್ಧ ಆರಂಭವಾಗಲು ಕೆಲವೇ ದಿನಗಳಿದ್ದಾಗ, ಸ್ಥಳೀಯ ಆಡಳಿತ ಮಂಡಳಿ ಎಂಬ ಇನ್ನೊಂದು ಇಲಾಖೆ ಸುತ್ತೋಲೆ ಹೊರಡಿಸಿ ತಾಯಿ-ಮಗುವಿನ ಕೆಲಸಕ್ಕೆ ಆಗುವ ಖರ್ಚಿನ ಅರ್ಧ ತಾನು ಕೊಡುವುದಾಗಿ ಹೇಳಿತು. ಎರಡು ಇಲಾಖೆಗಳು ಒಂದೇ ಕೂಸಿನ ಮೇಲೆ ಹಕ್ಕು ಸಾಧಿಸುವ ಜಗಳ ಹಲವು ವರ್ಷ ನಡೆದು, 1919ರಲ್ಲಿ ಆರೋಗ್ಯ ಸಚಿವಾಲಯ ಹುಟ್ಟಿದ ಮೇಲೆ ಮುಗಿಯಿತು.

ನಡುವೆ ಯುದ್ಧ ಕೆಲಸವನ್ನು ಬಿರುಸುಗೊಳಿಸಿತ್ತು. ಗಂಡಸರು ಕಂದಕಗಳಲ್ಲಿ ಸಾಯುತ್ತಿರುವಾಗ ತೊಟ್ಟಿಲ ಸಾವು ಎಲ್ಲರ ಕಣ್ಣಿಗೂ ಬಿತ್ತು. 1917ರ ಜುಲೈಯಲ್ಲಿ ದೇಶದಾದ್ಯಂತ ‘ಶಿಶು ಸಪ್ತಾಹ’ ನಡೆಯಿತು, ಪ್ರದರ್ಶನಗಳು, ಮೆರವಣಿಗೆಗಳು, ದುಂಡುದುಂಡಾದ ಕೂಸಿಗೆ ಬಹುಮಾನ ಎಲ್ಲವೂ ಆದವು. 1918ರ ಆಗಸ್ಟಿನಲ್ಲಿ ತಾಯಿ ಮತ್ತು ಮಕ್ಕಳ ಕಲ್ಯಾಣ ಕಾಯ್ದೆ ಬಂತು. ಇದು ಸ್ಥಳೀಯ ಸಂಸ್ಥೆಗಳಿಗೆ ಬಸುರಿಯರು, ಬಾಣಂತಿಯರು ಮತ್ತು ಐದು ವರ್ಷದೊಳಗಿನ ಮಕ್ಕಳಿಗಾಗಿ ಕೆಲಸ ಮಾಡುವ ಅಧಿಕಾರ ಕೊಟ್ಟಿತೇ ಹೊರತು ಮಾಡಲೇಬೇಕು ಎಂದು ಕಟ್ಟುಪಾಡು ಹಾಕಲಿಲ್ಲ. ಉತ್ಸಾಹವಿದ್ದ ಊರಿನಲ್ಲಿ ಹತ್ತಾರು ಕೇಂದ್ರ, ತೆರಿಗೆದಾರರ ಒಕ್ಕೂಟ ಬಲವಾಗಿದ್ದ ಪಕ್ಕದ ಊರಿನಲ್ಲಿ ಒಂದೂ ಇಲ್ಲ ಎಂಬ ಸ್ಥಿತಿಗೆ ಇದೇ ಕಾರಣ. ಆದರೂ ಕಾಯ್ದೆಯೊಳಗೆ ಒಂದು ಮುಖ್ಯ ಮಾತಿತ್ತು: ಈ ಕೆಲಸಕ್ಕೆ ಪ್ರತ್ಯೇಕ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಇಬ್ಬರು ಮಹಿಳೆಯರು ಇರಬೇಕು. ಸಮಿತಿಗೆ ಹೊರಗಿನವರನ್ನೂ ಸೇರಿಸಿಕೊಳ್ಳಲು ಅವಕಾಶವಿದ್ದುದರಿಂದ, ಸಭಾಂಗಣದಲ್ಲಿ ವರ್ಷಗಟ್ಟಲೆ ತಕ್ಕಡಿ ಹಿಡಿದವರಿಗೆ ಚುನಾವಣೆಗೆ ನಿಲ್ಲದೆಯೂ ನಗರಸಭೆಯ ಮೇಜಿನ ಬಳಿ ಕೂರುವ ದಾರಿ ತೆರೆಯಿತು.

ಈ ಸ್ವಯಂಸೇವಕಿಯರು ಯಾರು? ಆರಂಭದಲ್ಲಿ ಬಹುಮಟ್ಟಿಗೆ ಅನುಕೂಲಸ್ಥ ಮನೆಗಳ ಹೆಂಗಸರು. ಗಿರಣಿ ಮಾಲೀಕರ, ವೈದ್ಯರ, ಪಾದ್ರಿಗಳ ಹೆಂಡತಿಯರು, ಮನೆಯಲ್ಲಿ ಆಳುಗಳಿದ್ದುದರಿಂದ ಮಧ್ಯಾಹ್ನ ಬಿಡುವಿದ್ದವರು, ಓದಿದ್ದರೂ ಉದ್ಯೋಗದ ಬಾಗಿಲು ಮುಚ್ಚಿದ್ದ ಅವಿವಾಹಿತ ಹೆಣ್ಣುಮಕ್ಕಳು. ಸಭಾಂಗಣದ ಬಾಡಿಗೆ, ತಕ್ಕಡಿಯ ಬೆಲೆ, ಚಹಾಪುಡಿಯ ಖರ್ಚು ಇವರು ಚಂದಾ ಎತ್ತಿ ತರುತ್ತಿದ್ದರು. ನಗರಸಭೆಯ ಗುಮಾಸ್ತನಿಗೆ ಆರು ತಿಂಗಳು ಹಿಡಿಯುವ ಕೆಲಸ ಇವರ ಕೈಯಲ್ಲಿ ಆರು ದಿನದಲ್ಲಿ ಆಗುತ್ತಿತ್ತು. ಆದರೆ ಎದುರಿನ ಬೆಂಚಿನಲ್ಲಿ ಕೂತವಳು ಅದೇ ಗಿರಣಿಯ ಕೂಲಿಯ ಹೆಂಡತಿ. ಧಣಿಯ ಹೆಂಡತಿ ತನ್ನ ಕೂಸಿನ ಬಟ್ಟೆ ಬಿಚ್ಚುವುದನ್ನು ನೋಡುತ್ತಾಳೆ, ಒಳಂಗಿಯ ತೇಪೆ ಎಣಿಸುತ್ತಾಳೆ ಎಂಬ ಸಂಕೋಚ ಎಷ್ಟೋ ತಾಯಂದಿರನ್ನು ಬಾಗಿಲ ಆಚೆಯೇ ನಿಲ್ಲಿಸಿತು. ಬಡವರ ಕೂಸು ಸಾಯುವುದು ತಾಯಿಯ ಅಜ್ಞಾನದಿಂದ ಎಂಬ ನಂಬಿಕೆ ಆ ಕಾಲದ ವೈದ್ಯರಲ್ಲೂ ದಾನಿಗಳಲ್ಲೂ ಬೇರೂರಿತ್ತು. ಮಾರ್ಗರೆಟ್ ಲೆವೆಲಿನ್ ಡೇವಿಸ್ ಅವರ ಮುಂದಾಳತ್ವದ ಮಹಿಳಾ ಸಹಕಾರ ಗಿಲ್ಡ್ ಎಂಬ, ಸಹಕಾರ ಚಳವಳಿಯ ಹೆಂಗಸರ ಸಂಘ ಇದಕ್ಕೆ ನೇರ ಉತ್ತರ ಕೊಟ್ಟಿತು: 1915ರಲ್ಲಿ ತನ್ನ ಸದಸ್ಯೆಯರು ಬಸುರು ಬಾಣಂತನಗಳ ಬಗ್ಗೆ ಬರೆದ 160 ಪತ್ರಗಳನ್ನು ಅದು ಅಚ್ಚು ಹಾಕಿಸಿತು. ಹೆರಿಗೆಯ ಹಿಂದಿನ ದಿನದವರೆಗೂ ಬಟ್ಟೆ ಒಗೆದದ್ದು, ವೈದ್ಯರ ಶುಲ್ಕಕ್ಕೆಂದು ತಿಂಗಳುಗಟ್ಟಲೆ ಹೊಟ್ಟೆ ಕಟ್ಟಿದ್ದು, ಗರ್ಭ ಇಳಿದದ್ದು ಎಲ್ಲವೂ ಅದರಲ್ಲಿವೆ. ಓದಿದವರಿಗೆ ಸಮಸ್ಯೆ ಅಜ್ಞಾನದ್ದಲ್ಲ, ಕೈಯಲ್ಲಿ ಕಾಸಿಲ್ಲದ್ದು ಎಂಬುದು ಸ್ಪಷ್ಟವಾಗುತ್ತದೆ. ಗಿಲ್ಡಿನಂಥ ಸಂಘಟನೆಗಳ ಒತ್ತಾಯದಿಂದ ಮುಂದೆ ಕೂಲಿಕಾರ ಮನೆಗಳ ತಾಯಂದಿರೂ ಸಮಿತಿಗಳಿಗೆ ಬಂದರು. ತಮ್ಮ ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದ ಮೇಲೆ ಅದೇ ಕೇಂದ್ರದಲ್ಲಿ ಚಹಾ ಮಾಡಲು ನಿಂತವರೂ ಇದ್ದರು. ಸಭಾಂಗಣದ ಗಾಳಿ ಸಡಿಲಾದದ್ದು ಆಗಲೇ.

ಇನ್ನು ಮೊದಲೇ ಹೇಳಿದ ವಿಚಿತ್ರಕ್ಕೆ ಬರೋಣ. ವೈದ್ಯರು ಇದ್ದೂ ಚಿಕಿತ್ಸೆ ಏಕಿಲ್ಲ? ಉತ್ತರ ಖಾಸಗಿ ವೈದ್ಯರ ಜೇಬಿನಲ್ಲಿದೆ. ಊರಿನ ವೈದ್ಯರು ರೋಗಿಗಳ ಶುಲ್ಕದಿಂದ ಬದುಕುತ್ತಿದ್ದರು. ನಗರಸಭೆಯ ಕೇಂದ್ರ ಬಿಟ್ಟಿ ಔಷಧ ಕೊಡಲು ಕೂತರೆ ತಮ್ಮ ಗತಿಯೇನು ಎಂಬ ಅವರ ವಿರೋಧಕ್ಕೆ ಇಲಾಖೆ ಬಗ್ಗಿತು. ಕೇಂದ್ರದ್ದು ಸಲಹೆ ಮತ್ತು ಉಸ್ತುವಾರಿ, ಚಿಕಿತ್ಸೆ ಖಾಸಗಿ ವೈದ್ಯರದ್ದು ಎಂದು ಗೆರೆ ಎಳೆಯಲಾಯಿತು. ತೊಂದರೆಯೆಂದರೆ 1911ರ ರಾಷ್ಟ್ರೀಯ ವಿಮಾ ಕಾಯ್ದೆ ದುಡಿಯುವ ಗಂಡಸಿಗೆ ವೈದ್ಯರ ಸೇವೆ ಕೊಟ್ಟಿತ್ತೇ ಹೊರತು ಅವನ ಹೆಂಡತಿ ಮಕ್ಕಳಿಗೆ ಕೊಟ್ಟಿರಲಿಲ್ಲ. ಹೆರಿಗೆಗೆ 30 ಷಿಲಿಂಗಿನ ಭತ್ಯೆ ಮಾತ್ರ ಇತ್ತು. ಅದೂ ಹೆಂಡತಿಯ ಸ್ವತ್ತು ಎಂದಾದದ್ದು 1913ರ ತಿದ್ದುಪಡಿಯ ನಂತರ, ಅದೇ ಗಿಲ್ಡಿನ ಹೋರಾಟದಿಂದ. ಹೀಗಾಗಿ ಕೂಸಿನ ಕಿವಿ ಸೋರುತ್ತಿದೆ ಎಂದು ಕೇಂದ್ರದ ವೈದ್ಯರು ಬಿಟ್ಟಿಯಾಗಿ ಹೇಳಬಹುದಿತ್ತು, ಅದಕ್ಕೆ ಹನಿ ಔಷಧ ಹಾಕಲು ಮಾತ್ರ ತಾಯಿ ದುಡ್ಡು ಕೊಟ್ಟು ಬೇರೆ ಬಾಗಿಲು ತಟ್ಟಬೇಕಿತ್ತು. ಆ ದುಡ್ಡಿಲ್ಲದ ಮನೆಗೆ ಈ ರೋಗನಿದಾನದಿಂದ ಎಷ್ಟು ಪ್ರಯೋಜನ ಎಂದು ಕೇಳಬೇಕಾಗಿಲ್ಲ. ಹಲವು ಕಡೆ ಸಣ್ಣಪುಟ್ಟ ಕಾಯಿಲೆಗಳ ನೆಪದಲ್ಲಿ ಈ ಗೆರೆಯನ್ನು ಆಚೀಚೆ ಸರಿಸಿದರು.

ಇನ್ನೊಂದು ಗೆರೆ ಇದಕ್ಕಿಂತ ಗಡುಸಾಗಿತ್ತು. ಮಗು ಸಾಕು ಎಂದ ತಾಯಿಗೆ ಗರ್ಭನಿರೋಧದ ಮಾಹಿತಿ ಕೊಡುವುದನ್ನು ಸಚಿವಾಲಯ ಕೇಂದ್ರಗಳಲ್ಲಿ ನಿಷೇಧಿಸಿತ್ತು. ಗರ್ಭನಿರೋಧದ ಪ್ರಚಾರಕಿ ಮೇರಿ ಸ್ಟೋಪ್ಸ್ 1921ರಲ್ಲಿ ಲಂಡನ್ನಿನ ಹಾಲೊವೇಯಲ್ಲಿ ತಮ್ಮ ಖಾಸಗಿ ಕ್ಲಿನಿಕ್ ತೆರೆದಿದ್ದರು. ಮಾಹಿತಿ ಎಲ್ಲಿ ಸಿಗುತ್ತದೆ ಎಂಬ ವಿಳಾಸ ಹೇಳಿದ್ದಕ್ಕಾಗಿ ಎಡ್ಮಂಟನ್ನಿನ ಆರೋಗ್ಯ ಸಂದರ್ಶಕಿಯೊಬ್ಬರು 1922ರ ಕೊನೆಯಲ್ಲಿ ಕೆಲಸ ಕಳೆದುಕೊಂಡರು. ಎಂಟು ವರ್ಷಗಳ ಒತ್ತಾಯದ ನಂತರ, 1930ರಲ್ಲಿ, ಮತ್ತೊಂದು ಬಸುರು ತಾಯಿಯ ಆರೋಗ್ಯಕ್ಕೆ ಹಾನಿ ಮಾಡುವಂತಿದ್ದರೆ ಮಾತ್ರ ಸಲಹೆ ಕೊಡಬಹುದು ಎಂದು ಸಚಿವಾಲಯ ಒಪ್ಪಿತು. ಆರು ಮಕ್ಕಳ ತಾಯಿ ಕೇಳುವ ಮೊದಲ ಪ್ರಶ್ನೆಗೇ ಉತ್ತರಿಸಬಾರದ ‘ತಾಯಿ ಕಲ್ಯಾಣ’ದ ಹೊರೆಯನ್ನು ಆ ಸಭಾಂಗಣದ ಹೆಂಗಸರು ಹೊತ್ತಿದ್ದರು ಎಂಬುದನ್ನು ನೆನಪಿಡಬೇಕು.

ಕೂಸಿನ ಪಾಲಿಗೆ ಸುದ್ದಿ ಒಳ್ಳೆಯದೇ ಆಯಿತು. ಉರಿಬೇಸಿಗೆಯ 1911ರಲ್ಲಿ ಶಿಶುಮರಣ 1000ಕ್ಕೆ 130ಕ್ಕೆ ಏರಿದ್ದರೂ ಮರುವರ್ಷ 95ಕ್ಕೆ ಇಳಿಯಿತು. 1920ರಲ್ಲಿ ಅದು 80, 1930ರಲ್ಲಿ 60. ಇದೆಲ್ಲ ಕೇಂದ್ರಗಳ ಸಾಧನೆಯೇ ಎಂದು ಹೇಳುವುದು ಅತಿಯಾಗುತ್ತದೆ. ಅದೇ ವರ್ಷಗಳಲ್ಲಿ ಕುಟುಂಬಗಳು ಚಿಕ್ಕದಾದವು, ಮೋಟಾರು ಬಂದು ಬೀದಿಯಿಂದ ಕುದುರೆ ಲದ್ದಿ ಮಾಯವಾಯಿತು, ಹಾಲು ಕಾಯಿಸಿ ಮಾರುವ ಪದ್ಧತಿ ಹರಡಿತು, ಕೂಲಿಯೂ ಕೆಲಮಟ್ಟಿಗೆ ಏರಿತು. ಯಾವುದರಿಂದ ಎಷ್ಟು ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಆದರೆ ನಳಿಗೆಯ ಸೀಸೆಯನ್ನು ಬಿಡಿಸಿದ್ದು, ಎದೆಹಾಲನ್ನು ಉಳಿಸಿದ್ದು, ಸೊರಗುತ್ತಿರುವ ಕೂಸನ್ನು ಎರಡು ವಾರ ಮುಂಚೆ ಗುರುತಿಸಿದ್ದು ಸಣ್ಣ ಮಾತಲ್ಲ. ತಕ್ಕಡಿಯ ಚೀಟಿಗಳಿಂದ ಇನ್ನೊಂದು ಲಾಭವೂ ಆಯಿತು: ಬರ್ಲಿನ್ನಿನ ಇಂಥದೇ ಕೇಂದ್ರಗಳಲ್ಲಿ ಬರೆದಿಟ್ಟ ತೂಕಗಳನ್ನು ಹಿಡಿದು ಬ್ರಿಟಿಷ್ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ 1912ರಲ್ಲಿ ಎದೆಹಾಲು ಕುಡಿದ ಮತ್ತು ಕಾಯಿಸಿದ ಹಸುವಿನ ಹಾಲು ಕುಡಿದ ಕೂಸುಗಳನ್ನು ಹೋಲಿಸಿ, ಎದೆಹಾಲಿನ ಕೂಸುಗಳ ತೂಕ ಹೆಚ್ಚು ವೇಗವಾಗಿ ಏರುವುದನ್ನು ತೋರಿಸಿದರು. ಈ ಬಗೆಯ ಅಧ್ಯಯನ ವಿಧಾನದ ಮೊದಲ ಮಾದರಿಗಳಲ್ಲಿ ಒಂದಾಗಿ ಅದನ್ನು ಇಂದಿಗೂ ಎಣಿಸುತ್ತಾರೆ.

ತಾಯಂದಿರ ಪಾಲಿಗೆ ಹಾಗಾಗಲಿಲ್ಲ. 1929ರಲ್ಲಿ ಸಚಿವಾಲಯ ಬಸುರಿಯರ ತಪಾಸಣೆಗೆ ವೇಳಾಪಟ್ಟಿಯನ್ನೇ ಹಾಕಿಕೊಟ್ಟಿತು: 16ನೆಯ ವಾರಕ್ಕೆ ಮೊದಲ ಭೇಟಿ, ಆಮೇಲೆ 24 ಮತ್ತು 28ನೆಯ ವಾರ, ನಂತರ 36ರವರೆಗೆ ಹದಿನೈದು ದಿನಕ್ಕೊಮ್ಮೆ, ಅಲ್ಲಿಂದ ಹೆರಿಗೆಯವರೆಗೆ ವಾರಕ್ಕೊಮ್ಮೆ. ತಪಾಸಣೆ ಹೆಚ್ಚಿತು, ಸಾವು ಇಳಿಯಲಿಲ್ಲ. 1930ರ ದಶಕದ ನಡುಭಾಗದವರೆಗೂ ಪ್ರತಿ 1000 ಹೆರಿಗೆಗೆ ನಾಲ್ಕಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಲೇ ಇದ್ದರು. ಬಾಣಂತಿ ನಂಜು, ರಕ್ತಸ್ರಾವಗಳಿಗೆ ಸಭಾಂಗಣದ ಸಲಹೆಯಲ್ಲಿ ಮದ್ದಿರಲಿಲ್ಲ. 1936ರಲ್ಲಿ ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲೆನಾರ್ಡ್ ಕೋಲ್‌ಬ್ರೂಕ್ ಸಲ್ಫಾ ಔಷಧಗಳಿಂದ ಬಾಣಂತಿ ನಂಜನ್ನು ಗುಣಪಡಿಸಬಹುದೆಂದು ತೋರಿಸಿದರು, ಅದೇ ವರ್ಷದ ಕಾಯ್ದೆ ಸೂಲಗಿತ್ತಿಯರಿಗೆ ಸಂಬಳದ ನೌಕರಿ ಕೊಟ್ಟಿತು, ಇಳಿಕೆ ಅಲ್ಲಿಂದಾಚೆಗೆ. ಒಂದೇ ಕೇಂದ್ರ ಕೂಸಿನ ವಿಷಯದಲ್ಲಿ ಗೆದ್ದು ತಾಯಿಯ ವಿಷಯದಲ್ಲಿ ಸೋತದ್ದು ಏಕೆಂದರೆ, ಕೂಸಿನ ಸಾವು ಬಹುಮಟ್ಟಿಗೆ ಅಡುಗೆಮನೆಯಲ್ಲಿ ನಿಲ್ಲಿಸಬಹುದಾದದ್ದು. ತಾಯಿಯದು ಔಷಧ ಮತ್ತು ನುರಿತ ಕೈ ಬೇಡುವಂಥದ್ದು.

ಎರಡನೆಯ ಮಹಾಯುದ್ಧ ಸ್ವಯಂಸೇವಕಿಯರ ಕೆಲಸದ ಬಣ್ಣವನ್ನೇ ಬದಲಿಸಿತು. 1940ರ ಜುಲೈಯಲ್ಲಿ ಬಂದ ರಾಷ್ಟ್ರೀಯ ಹಾಲು ಯೋಜನೆಯ ಪ್ರಕಾರ ಬಸುರಿಯರಿಗೆ, ಬಾಣಂತಿಯರಿಗೆ ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೊಂದು ಪಿಂಟ್ (ಅರ್ಧ ಲೀಟರಿಗಿಂತ ತುಸು ಹೆಚ್ಚು) ಹಾಲು ಎರಡು ಪೆನ್ನಿಗೆ ಸಿಕ್ಕಿತು, ಬಡವರಿಗೆ ಬಿಟ್ಟಿಯಾಗಿ. ಸ್ವಲ್ಪ ಸಮಯದಲ್ಲೇ ಕಾಡ್ ಮೀನಿನ ಎಣ್ಣೆ, ಸಾಂದ್ರೀಕರಿಸಿದ ಕಿತ್ತಳೆ ರಸ ಅದಕ್ಕೆ ಸೇರಿದವು. ಬಸುರಿಯ ಹಸಿರು ಪಡಿತರ ಪುಸ್ತಕ ನೋಡಿ, ಚೀಟಿ ಕತ್ತರಿಸಿಕೊಂಡು ಸೀಸೆ ಎತ್ತಿಕೊಡಲು ಅಷ್ಟೊಂದು ಜನ ಬೇಕಿತ್ತು. 1938ರಲ್ಲಿ ಲೇಡಿ ರೀಡಿಂಗ್ ಸ್ಥಾಪಿಸಿದ ಮಹಿಳಾ ಸ್ವಯಂಸೇವಾ ದಳದ ಸದಸ್ಯೆಯರು ಆ ಜಾಗಕ್ಕೆ ಬಂದರು. ಹಿಂದಿನ ದಾನಶೀಲ ಗೃಹಿಣಿ ಕೊಟ್ಟದ್ದು ದಯೆಯೆನಿಸುತ್ತಿತ್ತು, ಈಗ ಹಸಿರು ಸಮವಸ್ತ್ರದವಳು ಕೊಡುವುದು ಹಕ್ಕಿನ ಪಾಲು. ಮೇಜು ಅದೇ, ಅದರ ಎರಡು ಬದಿಯಲ್ಲಿ ನಿಂತವರ ಸಂಬಂಧ ಬೇರೆಯಾಯಿತು.

1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಕೂಸಿನ ಕಿವಿಗೆ ಹನಿ ಹಾಕಲು ದುಡ್ಡು ಕೊಡಬೇಕಾದ ಕಾಲ ಮುಗಿಯಿತು. ಆ ವರ್ಷ ಶಿಶುಮರಣ 1000ಕ್ಕೆ 34. ಕೇಂದ್ರಗಳು ಮಾತ್ರ ಹೊಸ ಸೇವೆಯ ಆಸ್ಪತ್ರೆಗಳ ಜೊತೆ ಹೋಗದೆ ಸ್ಥಳೀಯ ಸಂಸ್ಥೆಗಳ ಕೈಯಲ್ಲೇ ಉಳಿದವು, ಸ್ವಯಂಸೇವಕಿಯರೂ ಉಳಿದರು. 1954ರಲ್ಲಿ ಪಡಿತರ ಮುಗಿದು ಆಹಾರ ಸಚಿವಾಲಯದ ಕಚೇರಿಗಳು ಮುಚ್ಚಿದಾಗ ಹಾಲಿನ ಪುಡಿ ಮತ್ತು ಕಿತ್ತಳೆ ರಸದ ಹಂಚಿಕೆ ಸ್ಥಳೀಯ ಸಂಸ್ಥೆಗಳ ಪಾಲಿಗೆ ಬಂತು, ಅನೇಕ ಊರುಗಳಲ್ಲಿ ಅದನ್ನು ನಡೆಸಿದ್ದು ಇದೇ ದಳದವರು. 1974ರ ಏಪ್ರಿಲ್‌ನಲ್ಲಿ ಕೇಂದ್ರಗಳು ಕೊನೆಗೂ ಆರೋಗ್ಯ ಸೇವೆಯೊಳಗೆ ಸೇರಿ, ಚರ್ಚಿನ ಸಭಾಂಗಣಗಳಿಂದ ಹೊಸ ಆರೋಗ್ಯ ಕೇಂದ್ರಗಳಿಗೆ ಸಾಗತೊಡಗಿದವು.

ಲಂಡನ್ನಿನ ಆರೋಗ್ಯಾಧಿಕಾರಿಗಳ ಹಳೆಯ ವಾರ್ಷಿಕ ವರದಿಗಳು ಇಂದು ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ಎಷ್ಟು ಕೂಸು ಬಂದವು, ಎಷ್ಟು ಸಲ ಬಂದವು, ಎಷ್ಟು ಮನೆಗೆ ಭೇಟಿಯಾಯಿತು ಎಂಬುದಕ್ಕೆಲ್ಲ ಅವುಗಳಲ್ಲಿ ಕೋಷ್ಟಕವಿದೆ. ಚಹಾ ಮಾಡಿದವರ, ತಕ್ಕಡಿ ಹಿಡಿದವರ ದುಡಿಮೆಯ ಗಂಟೆಗಳಿಗೆ ಅಂಥ ಕೋಷ್ಟಕವನ್ನು ನಾನು ಕಂಡಿಲ್ಲ. ಅವರಿಗೆ ಸಿಕ್ಕುವುದು ಸಾಮಾನ್ಯವಾಗಿ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ. ಅವರು ಬರೆದ ಚೀಟಿಗೆ ಮಾತ್ರ ಬೇರೆ ರೂಪದಲ್ಲಿ ಆಯುಷ್ಯ ಸಿಕ್ಕಿತು. ಬ್ರಿಟನ್ನಿನಲ್ಲಿ ಇಂದು ಪ್ರತಿ ಕೂಸಿಗೂ ಕೊಡುವ, ಕೆಂಪು ಹೊದಿಕೆಯ ಕಾರಣದಿಂದ ‘ಕೆಂಪು ಪುಸ್ತಕ’ ಎಂದೇ ಕರೆಯುವ ಆರೋಗ್ಯ ದಾಖಲೆಯಲ್ಲಿ ತೂಕ ಬರೆಯುವ ಪುಟಗಳಿವೆ, ಲಸಿಕೆಯ ದಿನಾಂಕಗಳಿವೆ. ಅಂದಿನ ಚೀಟಿ ಮರದ ಪೆಟ್ಟಿಗೆಯಲ್ಲಿ ಸ್ವಯಂಸೇವಕಿಯ ಕೈಕೆಳಗೆ ಇರುತ್ತಿತ್ತು. ಈ ಪುಸ್ತಕ ತಾಯಿಯ ಚೀಲದಲ್ಲಿರುತ್ತದೆ. ನೋಡಬೇಕೆಂದವರು ಅವಳನ್ನು ಕೇಳಿ ತೆಗೆದುಕೊಳ್ಳಬೇಕು.